ಬಿತ್ತನೆಯ ರಾಶಿ, ಬೇಯಿಸಿದ ರಾಶಿ

ಮಾಘಮಾಸದ ಬಿಸಿಲಿನಲ್ಲಿ ಚಾಮರಾಜನಗರದಿಂದ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗುವವರಿಗೆ ಅರಿಸಿನ ಬೇಯುವ ವಾಸನೆ ಅಪರಿಚಿತವಲ್ಲ. ಎಂಟೊಂಬತ್ತು ತಿಂಗಳು ನೆಲದೊಳಗೆ ಬೆಳೆದ ಗೆಡ್ಡೆಗಳನ್ನು ಅಗೆದು, ಬೇಯಿಸಿ, ಕಣದಲ್ಲಿ ಒಣಗಿಸಿ, ಉಜ್ಜಿ ಹೊಳಪು ಕೊಟ್ಟು ಮಾರುಕಟ್ಟೆಗೆ ಒಯ್ಯುವುದು ಈ ಸೀಮೆಯ ರೈತರಿಗೆ ವರ್ಷವರ್ಷದ ಕೆಲಸ. ಆದರೆ ಕೊಪ್ಪರಿಗೆಯ ಕೆಳಗೆ ಬೆಂಕಿ ಹಾಕುವುದಕ್ಕೆ ಮೊದಲು ಅವರು ಮಾಡುವ ಒಂದು ಸಣ್ಣ ಕೆಲಸವನ್ನು ದಾರಿಹೋಕರು ಗಮನಿಸುವುದು ಕಡಮೆ. ಮುಂದಿನ ಬಿತ್ತನೆಗೆಂದು ಒಳ್ಳೆಯ ಗೆಡ್ಡೆಗಳನ್ನು ಆರಿಸಿ, ನೆರಳಿನಲ್ಲಿ ಬೇರೆಯಾಗಿ ರಾಶಿಮಾಡಿ, ಎಲೆಗಳಿಂದ ಮುಚ್ಚಿಡುತ್ತಾರೆ. ಕಾರಣ ಸರಳವಾದುದು: ಬೇಯಿಸಿದ ಅರಿಸಿನ ಮತ್ತೆ ಮೊಳೆಯುವುದಿಲ್ಲ.

ಗಣಕಯಂತ್ರದ ವಿಷಯವನ್ನು ಬರೆಯಹೊರಟವನು ಅರಿಸಿನದಿಂದ ಪ್ರಾರಂಭಿಸಿದುದೇಕೆ ಎಂದು ಓದುಗರು ಕೇಳಬಹುದು. ಎರಡು ವರ್ಷಗಳ ಹಿಂದೆ ನಮ್ಮ ಪ್ರಯೋಗಶಾಲೆಯ ಗಣಕದಲ್ಲಿ ಬಿತ್ತನೆಯೂ ಬೇಯಿಸಿದ್ದೂ ಒಂದೇ ರಾಶಿಯಲ್ಲಿ ಬೆರೆತುಹೋಗಿ, ಒಬ್ಬ ವಿದ್ಯಾರ್ಥಿಯ ೧೧ ದಿನಗಳ ಕೆಲಸ ಕೆಲವೇ ಕ್ಷಣಗಳಲ್ಲಿ ನಾಶವಾಯಿತು. ನಾಶಮಾಡಿದ ಆಜ್ಞೆಯನ್ನು ಹೇಳಿಕೊಟ್ಟವನು ನಾನೇ. ಆ ತಪ್ಪಿನ ಕಾರಣವನ್ನು ಹುಡುಕುತ್ತ ಹೋದಾಗ ತಿಳಿದುಬಂದ ಸಂಗತಿಗಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಲೋಲಕದ ಕಾಲವನ್ನು ಅಳೆಯಹೋಗಿ

ಭೌತವಿಜ್ಞಾನದ ಮೊದಲ ಪಾಠಗಳಲ್ಲಿ ಸರಳಲೋಲಕವೂ ಒಂದು. ದಾರಕ್ಕೆ ಕಟ್ಟಿದ ಗುಂಡು ಒಮ್ಮೆ ತೂಗಿ ಹಿಂದಿರುಗಲು ಹಿಡಿಯುವ ಕಾಲವನ್ನು ಅಳೆದರೆ, ದಾರದ ಉದ್ದವನ್ನು ಸೇರಿಸಿಕೊಂಡು ಗುರುತ್ವದ ವೇಗೋತ್ಕರ್ಷವನ್ನು ಲೆಕ್ಕಹಾಕಬಹುದು. ಸ್ಟಾಪ್‌ವಾಚನ್ನು ಒತ್ತುವ ಬೆರಳು ಸೆಕೆಂಡಿನ ಹತ್ತನೆಯ ಒಂದೆರಡು ಭಾಗದಷ್ಟು ಹಿಂದುಮುಂದಾಗುವುದು ಸಹಜ. ಬೆರಳಿಗೆ ಬದಲಾಗಿ ಬೆಳಕಿನ ಒಂದು ಕಿರಣವನ್ನು ಅಡ್ಡಲಾಗಿ ಇಟ್ಟು, ಗುಂಡು ಅದನ್ನು ಕಡಿದ ಕ್ಷಣವನ್ನು ಗಣಕವೇ ಬರೆದಿಟ್ಟುಕೊಳ್ಳುವಂತೆ ಮಾಡಿದರೆ ಈ ದೋಷ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ನಮ್ಮ ಇಬ್ಬರು ವಿದ್ಯಾರ್ಥಿಗಳು ಈ ಕೆಲಸವನ್ನು ಕೈಗೊಂಡರು. ಹುಡುಗನ ಊರು ಗುಂಡ್ಲುಪೇಟೆಯ ಬಳಿಯ ಒಂದು ಹಳ್ಳಿ. ಅವನ ಜೊತೆಗಾತಿ ಚಾಮರಾಜನಗರದವಳು.

ಸಾಮಾನ್ಯ ಕ್ರಮವಿಧಿಯೊಂದು ಕಿರಣ ಕಡಿದುದನ್ನು ತಿಳಿಯಬೇಕಾದರೆ ತನ್ನ ಸರದಿಗಾಗಿ ಕಾಯಬೇಕಾಗುತ್ತದೆ. ಏಕೆಂದರೆ ಗಣಕದಲ್ಲಿ ಏಕಕಾಲಕ್ಕೆ ಅನೇಕ ಕ್ರಮವಿಧಿಗಳು ನಡೆಯುತ್ತಿರುತ್ತವೆ. ಯಾವುದಕ್ಕೆ ಯಾವಾಗ ಅವಕಾಶ ಕೊಡಬೇಕೆಂಬುದನ್ನು ನಿರ್ಧರಿಸುವುದು ಆಪರೇಟಿಂಗ್ ಸಿಸ್ಟಮ್ ಎಂದು ಎಲ್ಲರೂ ಕರೆಯುವ ಕಾರ್ಯವ್ಯವಸ್ಥೆ. ಕಾಯದೆ ಒಡನೆಯೇ ಕಾಲವನ್ನು ಗುರುತಿಸಬೇಕಾದರೆ ಆ ಕೆಲಸವನ್ನು ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್‌ನೊಳಗೇ ಒಂದು ಡ್ರೈವರಿನ ರೂಪದಲ್ಲಿ ಬರೆಯಬೇಕು. ಹುಡುಗ ಅದನ್ನೇ ಬರೆಯತೊಡಗಿದ. ಮೊದಲು ಮೇಜಿನ ಮೇಲಿನ ಇಂಟೆಲ್ ಬಗೆಯ ಹಳೆಯ ಗಣಕದಲ್ಲಿ ಪರೀಕ್ಷಿಸಿ, ಅನಂತರ ಅಂಗೈಯಗಲದ ಆರ್ಮ್ ಬಗೆಯ ಗಣಕಫಲಕದಲ್ಲಿ ಅಳವಡಿಸುವುದೆಂದು ನಿಶ್ಚಯವಾಯಿತು. ಎಂದರೆ, ಒಂದೇ ಕರ್ನಲನ್ನು ಎರಡು ಜಾತಿಯ ಯಂತ್ರಗಳಿಗಾಗಿ ಸಿದ್ಧಪಡಿಸಬೇಕಾಯಿತು.

ಮೂಲಪಾಠವೂ ಅದರ ಅಡುಗೆಯೂ

ನಾವು ಆರಿಸಿಕೊಂಡ ಕಾರ್ಯವ್ಯವಸ್ಥೆ ಲಿನಕ್ಸ್. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅದರ ಮೊದಲ ಆವೃತ್ತಿಯನ್ನು ಪ್ರಕಟಿಸಿದಾಗ ಅದು ಸುಮಾರು ೧೦ ಸಾವಿರ ಸಾಲುಗಳಷ್ಟಿದ್ದಿತು; ಇಂದು ೩ ಕೋಟಿ ಸಾಲುಗಳನ್ನು ಮೀರಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಈ ಸ್ವಾತಂತ್ರ್ಯದ ಆಕರ್ಷಣೆಯಿಂದಲೇ ೨೦೦೧ರಲ್ಲಿ ಬೆಂಗಳೂರಿನಲ್ಲಿ ಲಿನಕ್ಸ್ ಬೆಂಗಳೂರು ಎಂಬ ಸಮ್ಮೇಳನ ನಡೆಯಿತು. ೨೦೦೫ರಿಂದ ಅದು ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ ಕೆಲವು ವರ್ಷ ಮುಂದುವರಿಯಿತು. ಅಂದು ಮಹಾನಗರದ ಸಭಾಂಗಣದಲ್ಲಿ ಚರ್ಚೆಯಾಗುತ್ತಿದ್ದ ವಸ್ತು ಇಂದು ನಮ್ಮ ಊರಿನ ಕಾಲೇಜಿನ ಮೇಜಿಗೂ ಬಂದಿದೆ.

ಮನುಷ್ಯರು ಬರೆಯುವ, ಮನುಷ್ಯರು ಓದಬಲ್ಲ ಈ ಸಾಲುಗಳಿಗೆ ಸೋರ್ಸ್ ಕೋಡ್ ಎಂಬ ಹೆಸರು ರೂಢಿಯಲ್ಲಿದೆ. ಈ ಲೇಖನದಲ್ಲಿ ಅದನ್ನು ಮೂಲಪಾಠ ಎನ್ನೋಣ. ಯಂತ್ರಕ್ಕೆ ಮೂಲಪಾಠ ನೇರವಾಗಿ ಅರ್ಥವಾಗುವುದಿಲ್ಲ. ಕಂಪೈಲರ್ ಎಂಬ ಇನ್ನೊಂದು ಕ್ರಮವಿಧಿ ಮೂಲಪಾಠದ ಒಂದೊಂದು ಕಡತವನ್ನೂ ಓದಿ, ಯಂತ್ರದ ಭಾಷೆಗೆ ತಿರುಗಿಸಿ, ಆಬ್ಜೆಕ್ಟ್ ಕಡತ ಎಂಬ ಒಂದೊಂದು ತುಂಡನ್ನು ತಯಾರಿಸುತ್ತದೆ. ಕೊನೆಗೆ ತುಂಡುಗಳೆಲ್ಲ ಸೇರಿ ಕರ್ನಲ್ ಆಗುತ್ತದೆ. ಹೀಗೆ ತಯಾರಾದುದನ್ನೆಲ್ಲ ಒಟ್ಟಾಗಿ ನಿರ್ಮಿತಿ ಎಂದು ಕರೆಯಬಹುದು.

ಮೂಲಪಾಠದಿಂದ ನಿರ್ಮಿತಿಗೆ ಹೋಗುವ ದಾರಿ ಸುಲಭ. ಹಿಂದಿರುಗುವ ದಾರಿ ಹಾಗಲ್ಲ. ಬರೆದವನು ಮುಂದೆ ಓದುವವರಿಗಾಗಿ ಇಟ್ಟ ಟಿಪ್ಪಣಿಗಳು, ಅರ್ಥವತ್ತಾಗಿ ಆರಿಸಿದ ಹೆಸರುಗಳು, ಸಾಲುಗಳ ಜೋಡಣೆ, ಇವೆಲ್ಲ ಯಂತ್ರಕ್ಕೆ ಬೇಡವಾದುದರಿಂದ ಅನುವಾದದಲ್ಲಿ ಉದುರಿಹೋಗುತ್ತವೆ. ಬೇರೆಬೇರೆ ರೀತಿಯಲ್ಲಿ ಬರೆದ ಹಲವು ಮೂಲಪಾಠಗಳಿಂದ ಒಂದೇ ನಿರ್ಮಿತಿ ಬರಬಹುದು. ನಿರ್ಮಿತಿಯನ್ನು ನೋಡಿ ಮೂಲ ಇದೇ ಎಂದು ಹೇಳಲಾಗದು. ಭೌತವಿಜ್ಞಾನದಲ್ಲಿ ನಾವು ಅಪ್ರತಿಗಾಮಿ ಎನ್ನುವ ಕ್ರಿಯೆಗಳನ್ನು ಇದು ಹೋಲುತ್ತದೆ. ಆದುದರಿಂದ ಮೂಲಪಾಠ ಕಳೆದರೆ ನಷ್ಟ. ನಿರ್ಮಿತಿ ಕಳೆದರೆ ಒಂದೆರಡು ಗಂಟೆಯ ವಿದ್ಯುತ್ತು ಮಾತ್ರ ನಷ್ಟ. ಬೆಲೆಯಲ್ಲಿ ಇಷ್ಟು ಅಂತರವಿರುವ ಎರಡು ವಸ್ತುಗಳನ್ನು ಒಂದೇ ಕಡೆ ಬೆರೆಸಿ ಇಡುವುದು ವಿವೇಕವೆ?

ಮೇಕ್ ಹುಟ್ಟಿದ ಕಥೆ

ಸಾವಿರಾರು ಕಡತಗಳಿರುವಲ್ಲಿ ಒಂದನ್ನು ತಿದ್ದಿದಾಗಲೆಲ್ಲ ಎಲ್ಲವನ್ನೂ ಹೊಸದಾಗಿ ಅನುವಾದಿಸುವುದು ದಂಡ. ತಿದ್ದಿದುದನ್ನು ಮಾತ್ರ ಅನುವಾದಿಸಿದರೆ ಸಾಕು. ಆದರೆ ಯಾವುದನ್ನು ತಿದ್ದಿದೆವೆಂಬ ನೆನಪು ಮನುಷ್ಯನಿಗೆ ಉಳಿಯುವುದಿಲ್ಲ. ೧೯೭೬ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟೀವ್ ಜಾನ್ಸನ್ ಎಂಬ ವಿಜ್ಞಾನಿ ಒಂದು ದಿನ ಬೆಳಗಿನಿಂದ ಕುಳಿತು ತಮ್ಮ ಕ್ರಮವಿಧಿಯಲ್ಲಿ ತಪ್ಪನ್ನು ಹುಡುಕಿ ಬಳಲಿದರಂತೆ. ತಪ್ಪನ್ನು ಅವರು ಆಗಲೇ ತಿದ್ದಿದ್ದರು. ತಿದ್ದಿದ ಕಡತವನ್ನು ಮತ್ತೆ ಅನುವಾದಿಸಲು ಮರೆತಿದ್ದುದರಿಂದ ಹಳೆಯ ಆಬ್ಜೆಕ್ಟ್ ಕಡತವೇ ಕ್ರಮವಿಧಿಯಲ್ಲಿ ಸೇರಿಕೊಂಡಿದ್ದಿತು. ಅವರ ಗೋಳನ್ನು ಕೇಳಿದ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಇದಕ್ಕೊಂದು ಪರಿಹಾರವನ್ನು ರಚಿಸಿದರು. ಅದೇ ಮೇಕ್ ಎಂಬ ಉಪಕರಣ. ೨೦೦೩ರಲ್ಲಿ ಅದಕ್ಕಾಗಿ ಅವರಿಗೆ ಗಣಕವಿಜ್ಞಾನಿಗಳ ಸಂಘವಾದ ಎಸಿಎಮ್‌ನ ಪ್ರಶಸ್ತಿ ಸಂದಿತು.

ಮೇಕ್ ಅನುಸರಿಸುವ ನಿಯಮ ಬಹು ಸರಳ. ಮೂಲಪಾಠದ ಕಡತ ಕೊನೆಯ ಬಾರಿ ಬದಲಾದ ಸಮಯವನ್ನೂ ಅದರ ಆಬ್ಜೆಕ್ಟ್ ಕಡತ ಹುಟ್ಟಿದ ಸಮಯವನ್ನೂ ಹೋಲಿಸುತ್ತದೆ. ಮೂಲ ಹೊಸದಾಗಿದ್ದರೆ ಅನುವಾದಿಸುತ್ತದೆ, ಇಲ್ಲವಾದರೆ ಬಿಡುತ್ತದೆ. ಗಡಿಯಾರವನ್ನು ನಂಬಿದ ಈ ಉಪಾಯ ಗಡಿಯಾರ ತಪ್ಪಿದಾಗ ತಾನೂ ತಪ್ಪುತ್ತದೆ. ಅದೂ ಅಲ್ಲದೆ, ಮೂಲಪಾಠ ಹಾಗೆಯೇ ಇದ್ದು ಕಂಪೈಲರಿಗೆ ಕೊಟ್ಟ ಸೂಚನೆ ಮಾತ್ರ ಬದಲಾದರೆ ಮೇಕ್‌ಗೆ ತನ್ನಷ್ಟಕ್ಕೆ ಅದು ತಿಳಿಯದು. ಈ ಕೊರತೆಯನ್ನು ತುಂಬಲೆಂದು ಲಿನಕ್ಸಿನ ನಿರ್ಮಾಣವ್ಯವಸ್ಥೆ ಒಂದೊಂದು ಆಬ್ಜೆಕ್ಟ್ ಕಡತದ ಪಕ್ಕದಲ್ಲಿಯೂ ಅದನ್ನು ಯಾವ ಆಜ್ಞೆಯಿಂದ ತಯಾರಿಸಿತೆಂಬುದನ್ನು ಇನ್ನೊಂದು ಕಡತದಲ್ಲಿ ಬರೆದಿಡುತ್ತದೆ. ಇಷ್ಟೆಲ್ಲ ಎಚ್ಚರಿಕೆಯಿದ್ದರೂ ಎಲ್ಲವನ್ನೂ ಅಳಿಸಿ ಮೊದಲಿನಿಂದ ಪ್ರಾರಂಭಿಸಬೇಕಾದ ಸಂದರ್ಭಗಳು ಬಂದೇ ಬರುತ್ತವೆ. ಅಳಿಸುವ ಕೈಗೆ ಧೈರ್ಯವಿರಬೇಕು. ಆ ಧೈರ್ಯ ಬರುವುದು ಏನನ್ನು ಅಳಿಸುತ್ತಿದ್ದೇವೆಂಬುದು ನಿಸ್ಸಂದೇಹವಾಗಿ ತಿಳಿದಿದ್ದಾಗ ಮಾತ್ರ.

ನಮ್ಮ ಮೇಜಿನ ಮೇಲೆ ನಡೆದುದು

ನಮ್ಮಲ್ಲಿ ಅದು ತಿಳಿದಿರಲಿಲ್ಲ. ಬೇರೆ ಸೂಚನೆ ಕೊಡದಿದ್ದರೆ ಲಿನಕ್ಸಿನ ನಿರ್ಮಾಣವ್ಯವಸ್ಥೆ ನಿರ್ಮಿತಿಯನ್ನು ಮೂಲಪಾಠವಿರುವ ಕಡತಕೋಶದಲ್ಲಿಯೇ ಇಡುತ್ತದೆ. ಫೋಲ್ಡರ್ ಎಂದು ಜನ ಕರೆಯುವುದು ಈ ಕಡತಕೋಶವನ್ನೇ. ಮೊದಲ ದಿನದ ಸಂಜೆಯ ಹೊತ್ತಿಗೆ ನಮ್ಮ ಮೂಲಪಾಠದ ಕೋಶಗಳ ತುಂಬ ಆಬ್ಜೆಕ್ಟ್ ಕಡತಗಳೂ ಅವುಗಳ ಪಕ್ಕದ ಟಿಪ್ಪಣಿಕಡತಗಳೂ ಹರಡಿಕೊಂಡಿದ್ದವು. ಅವುಗಳ ನಡುವೆ ಹುಡುಗ ತಾನೇ ಬರೆದ ಡ್ರೈವರಿನ ಕಡತವೂ ಇದ್ದಿತು.

ಎರಡನೆಯ ಯಂತ್ರದ ಸರದಿ ಬಂದಾಗ ತೊಂದರೆ ಪ್ರಾರಂಭವಾಯಿತು. ಒಂದು ಕೋಶದಲ್ಲಿ ಒಂದು ಹೆಸರಿನ ಕಡತ ಒಂದೇ ಇರಬಹುದು. ಇಂಟೆಲ್ ಯಂತ್ರದ ಆಬ್ಜೆಕ್ಟ್ ಕಡತ ಇರುವಲ್ಲಿ ಅದೇ ಹೆಸರಿನ ಆರ್ಮ್ ಯಂತ್ರದ ಕಡತ ಇರಲಾರದು. ಆಜ್ಞೆ ಬದಲಾದುದನ್ನು ಕಂಡ ನಿರ್ಮಾಣವ್ಯವಸ್ಥೆ ಎಲ್ಲವನ್ನೂ ಹೊಸದಾಗಿ ಅನುವಾದಿಸತೊಡಗಿತು. ಹಿಂದಿನ ಯಂತ್ರಕ್ಕೆ ಮರಳಿದರೆ ಮತ್ತೆ ಮೊದಲಿನಿಂದ. ನಮ್ಮ ಹಳೆಯ ಗಣಕದಲ್ಲಿ ಒಂದೊಂದು ಬಾರಿಗೂ ಎರಡು ಗಂಟೆಗೆ ಮೇಲ್ಪಟ್ಟು ಹಿಡಿಯುತ್ತಿದ್ದಿತು. ಯಾವ ಯಾವ ಭಾಗಗಳು ಬೇಕೆಂದು ಆರಿಸಿ ಬರೆದಿಡುವ ಆಯ್ಕೆಗಳ ಕಡತವೂ ಒಂದೇ ಆದುದರಿಂದ, ಒಂದು ಯಂತ್ರಕ್ಕಾಗಿ ಮಾಡಿದ ಆಯ್ಕೆಗಳ ಮೇಲೆ ಇನ್ನೊಂದರ ಆಯ್ಕೆಗಳು ಬಂದು ಕುಳಿತವು.

ಹನ್ನೆರಡನೆಯ ದಿನ ಅರ್ಥವಾಗದ ಯಾವುದೋ ದೋಷವನ್ನು ತೋರಿಸಿ ಕೆಲಸ ನಿಂತಿತು. ಮೂಲಪಾಠದ ಬದಲಾವಣೆಗಳನ್ನು ದಾಖಲಿಸಿಡಲು ಗಿಟ್ ಎಂಬ ಉಪಕರಣವುಂಟು. ಟೋರ್ವಾಲ್ಡ್ಸ್ ಅವರೇ ೨೦೦೫ರಲ್ಲಿ ಅದನ್ನು ರಚಿಸಿದರು. ತನ್ನ ದಾಖಲೆಯಲ್ಲಿಲ್ಲದ ಕಡತಗಳನ್ನೆಲ್ಲ ಅಳಿಸುವ ಆಜ್ಞೆಯೂ ಅದರಲ್ಲಿದೆ. ನಿರ್ಮಿತಿ ದಾಖಲೆಯಲ್ಲಿರುವುದಿಲ್ಲ, ಆದುದರಿಂದ ಈ ಆಜ್ಞೆಯಿಂದ ಕಸವೆಲ್ಲ ಹೋಗುವುದೆಂದು ನಾನು ತರ್ಕಮಾಡಿದೆ. ತರ್ಕ ಸರಿಯಾಗಿತ್ತು, ಆದರೆ ಅಪೂರ್ಣವಾಗಿತ್ತು. ಹುಡುಗ ತನ್ನ ಡ್ರೈವರನ್ನೂ ಇನ್ನೂ ದಾಖಲೆಗೆ ಸೇರಿಸಿರಲಿಲ್ಲ.

ಆಜ್ಞೆ ಮುಗಿದ ಮೇಲೆ ನೋಡಿದೆವು. ಮೊದಲೇ ದಾಖಲೆಯಲ್ಲಿದ್ದ ಒಂದು ಕಡತದಲ್ಲಿ ಅವನು ತನ್ನ ಡ್ರೈವರಿನ ಹೆಸರನ್ನು ಸೇರಿಸಿದ್ದ ಸಾಲು ಹಾಗೆಯೇ ಉಳಿದಿದ್ದಿತು. ಡ್ರೈವರು ಮಾತ್ರ ಇರಲಿಲ್ಲ. ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅನಂತರ ಹೇಳಿದ ಮಾತು ಇದು: “ನಮ್ಮಪ್ಪ ಬಿತ್ತನೆ ಅರಿಸಿನಾನ ಕೊಪ್ಪರಿಗೆ ಹತ್ರಾನೂ ಬಿಡಲ್ಲ ಸಾರ್.” ನನ್ನನ್ನು ನಿಂದಿಸಬೇಕೆಂದು ಅವನು ಹೇಳಿದುದಲ್ಲ. ಆದರೂ ಆ ಮಾತಿಗಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಅನಂತರ ಓದಿದ ಯಾವ ಕೈಪಿಡಿಯಲ್ಲಿಯೂ ಕಾಣಲಿಲ್ಲ.

ಹಿರಿಯರು ಕಂಡುಕೊಂಡ ಉಪಾಯಗಳು

ನಮಗೆ ಬಂದ ಕಷ್ಟ ಹೊಸದೇನೂ ಅಲ್ಲ. ಒಂದೇ ಮೂಲಪಾಠದಿಂದ ಹಲವು ಜಾತಿಯ ಯಂತ್ರಗಳಿಗೆ ಕಾರ್ಯವ್ಯವಸ್ಥೆಯನ್ನು ತಯಾರಿಸಬೇಕಾಗಿ ಬಂದಾಗಲೆಲ್ಲ ಈ ಪ್ರಶ್ನೆ ಎದ್ದಿದೆ. ಬೆಲ್ ಪ್ರಯೋಗಾಲಯದವರು ತಮ್ಮ ಪ್ಲ್ಯಾನ್ ೯ ಎಂಬ ಕಾರ್ಯವ್ಯವಸ್ಥೆಯಲ್ಲಿ ಆಬ್ಜೆಕ್ಟ್ ಕಡತಗಳ ಹೆಸರಿನ ಕೊನೆಗೆ ಯಂತ್ರದ ಜಾತಿಯನ್ನು ಸೂಚಿಸುವ ಒಂದು ಅಕ್ಷರವನ್ನೋ ಅಂಕಿಯನ್ನೋ ಇಟ್ಟರು: ಇಂಟೆಲ್ ೩೮೬ಕ್ಕೆ ೮, ಆರ್ಮ್‌ಗೆ ೫. ಇದರಿಂದ ಹೆಸರುಗಳ ಘರ್ಷಣೆ ತಪ್ಪಿತು. ಆದರೆ ಬಿತ್ತನೆಯೂ ಬೇಯಿಸಿದ್ದೂ ಒಂದೇ ಅಂಗಳದಲ್ಲಿ ಉಳಿದವು.

ಅಮೆರಿಕದ ಎಂಐಟಿಯಲ್ಲಿ ೧೯೮೪ರಲ್ಲಿ ಪ್ರಾರಂಭವಾದ ಎಕ್ಸ್ ಎಂಬ ಚಿತ್ರಪ್ರದರ್ಶನ ವ್ಯವಸ್ಥೆಯವರದು ಬೇರೆಯ ಉಪಾಯ. ಮೂಲಪಾಠದ ಕೋಶಗಳದೇ ಆಕಾರದ ಇನ್ನೊಂದು ಛಾಯಾವೃಕ್ಷವನ್ನು ಕಟ್ಟಿ, ಅದರೊಳಗೆ ನಿಜವಾದ ಕಡತಗಳ ಬದಲು ಮೂಲದ ಕಡೆಗೆ ಕೈತೋರುವ ಕೊಂಡಿಗಳನ್ನು ಮಾತ್ರ ಇಡುವುದು. ಅನುವಾದ ನಡೆಯುವುದು ಛಾಯೆಯಲ್ಲಿ. ಮೂಲದಲ್ಲಿ ಕಸ ಬೀಳುವುದಿಲ್ಲ.

ಕ್ಯಾಲಿಫೋರ್ನಿಯದ ಬರ್ಕ್‌ಲಿ ವಿಶ್ವವಿದ್ಯಾನಿಲಯದ ಯುನಿಕ್ಸ್ ಪರಂಪರೆ ಈ ವಿಚಾರವನ್ನು ಮೇಕ್ ಉಪಕರಣದೊಳಗೇ ಸೇರಿಸಿತು. ಆ ಪರಂಪರೆಯ ಮೇಕ್ ಕೆಲಸ ಪ್ರಾರಂಭಿಸುವ ಮೊದಲು ನಿರ್ಮಿತಿಗಾಗಿ ಮೀಸಲಾದ ಕೋಶವೊಂದಿದೆಯೇ ಎಂದು ನೋಡುತ್ತದೆ. ಇದ್ದರೆ ಅಲ್ಲಿಗೆ ಹೋಗಿ ಕುಳಿತು, ಮೂಲಪಾಠವನ್ನು ದೂರದಿಂದಲೇ ಓದಿ ಅನುವಾದಿಸುತ್ತದೆ. ೧೯೯೩ರಲ್ಲಿ ಈ ಪರಂಪರೆಯಿಂದ ಕವಲೊಡೆದ ಫ್ರೀಬಿಎಸ್‌ಡಿ ವ್ಯವಸ್ಥೆಯಲ್ಲಿ ಮೂಲಪಾಠ ಇರುವುದು ಯುಎಸ್‌ಆರ್ ಕೋಶದೊಳಗಿನ ಎಸ್‌ಆರ್‌ಸಿ ಎಂಬ ಕೋಶದಲ್ಲಿ. ನಿರ್ಮಿತಿ ಹೋಗುವುದು ಅದರ ಪಕ್ಕದ ಓಬಿಜೆ ಎಂಬ ಕೋಶಕ್ಕೆ. ಮೂಲಪಾಠದ ಕೋಶದ ಪೂರ್ಣ ವಿಳಾಸವೇ ಅಲ್ಲಿ ಮರುಕಳಿಸುವುದರಿಂದ ಯಾವ ತುಂಡು ಯಾವ ಮೂಲದಿಂದ ಬಂದಿತೆಂಬುದರಲ್ಲಿ ಗೊಂದಲವಿಲ್ಲ.

ಅದೇ ವರ್ಷ ಹುಟ್ಟಿದ ನೆಟ್‌ಬಿಎಸ್‌ಡಿ ಇನ್ನೂ ಮುಂದೆ ಹೋಯಿತು. ಹತ್ತಾರು ಜಾತಿಯ ಯಂತ್ರಗಳ ಮೇಲೆ ನಡೆಯಬೇಕೆಂಬುದು ಅದರ ಗುರಿ. ನಿರ್ಮಾಣಕ್ಕೆ ಬೇಕಾದ ಉಪಕರಣಗಳಿಗೆ ಒಂದು ಕೋಶ, ಆಬ್ಜೆಕ್ಟ್ ಕಡತಗಳಿಗೆ ಒಂದು, ಸಿದ್ಧವಾದ ವ್ಯವಸ್ಥೆಗೆ ಇನ್ನೊಂದು ಎಂದು ಮೂರನ್ನೂ ಮೂಲಪಾಠದಿಂದ ಬೇರೆಯಾಗಿಡಬಹುದು. ಹೀಗೆ ಮಾಡಿದರೆ ಮೂಲಪಾಠವನ್ನು ಓದಲು ಮಾತ್ರ ಅವಕಾಶವಿರುವ ಕಡೆ ಇಟ್ಟರೂ ಕೆಲಸ ನಡೆಯುತ್ತದೆ. ಬರೆಯಲು ಅವಕಾಶವೇ ಇಲ್ಲದ ಕಡೆ ತಪ್ಪಿ ಅಳಿಸುವ ಭಯವೂ ಇಲ್ಲ.

ಲಿನಕ್ಸಿನಲ್ಲಿಯೂ ೨.೬ರ ಸರಣಿಯಿಂದ ಈ ಸೌಕರ್ಯವುಂಟು. ಮೇಕ್ ಆಜ್ಞೆಯ ಜೊತೆಯಲ್ಲಿ ಓ ಎಂಬ ಇಂಗ್ಲಿಷ್ ಅಕ್ಷರ, ಸಮಚಿಹ್ನೆ, ಅನಂತರ ಬೇರೊಂದು ಕೋಶದ ವಿಳಾಸ, ಇಷ್ಟು ಬರೆದರೆ ನಿರ್ಮಿತಿಯೆಲ್ಲ ಆ ಕೋಶಕ್ಕೆ ಹೋಗುತ್ತದೆ. ಇದನ್ನೊಮ್ಮೆ ಬಳಸಿದರೆ ಮುಂದಿನ ಎಲ್ಲ ಆಜ್ಞೆಗಳಲ್ಲಿಯೂ ಬಳಸಬೇಕು. ಎರಡು ಯಂತ್ರಗಳಿಗೆ ಎರಡು ಕೋಶ. ಮೂಲಪಾಠ ಮಾತ್ರ ಒಂದೇ. ನಮ್ಮ ೧೧ ದಿನಗಳ ಬೆಲೆ ಒಂದು ಅಕ್ಷರ, ಒಂದು ಚಿಹ್ನೆ ಮತ್ತು ಒಂದು ವಿಳಾಸವೆಂದು ತಿಳಿದಾಗ ನನಗಾದ ನಾಚಿಕೆಯನ್ನು ಓದುಗರು ಊಹಿಸಿಕೊಳ್ಳಬಹುದು. ಎಲ್ಲರ ಕೈಯ ಫೋನುಗಳಲ್ಲಿರುವ ಆಂಡ್ರಾಯ್ಡ್ ವ್ಯವಸ್ಥೆಯನ್ನು ಕಟ್ಟುವವರೂ ತಮ್ಮ ನಿರ್ಮಿತಿಯನ್ನು ಔಟ್ ಎಂಬ ಒಂದು ಕೋಶಕ್ಕೆ ಕಳುಹಿಸುತ್ತಾರೆ. ಆ ಒಂದು ಕೋಶವನ್ನು ಅಳಿಸಿದರೆ ಅಂಗಳ ಶುಚಿ.

ಮೂರು ಎಚ್ಚರಿಕೆಗಳು

ಇಷ್ಟನ್ನು ಓದಿ, ಕೋಶವನ್ನು ಬೇರೆಮಾಡಿದೊಡನೆ ಎಲ್ಲವೂ ಸುರಕ್ಷಿತವೆಂದು ಭಾವಿಸಬಾರದು. ನಾವು ಕಂಡುಕೊಂಡ ಮೂರು ಎಚ್ಚರಿಕೆಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು, ಹಳೆಯ ಅವಶೇಷ. ಹಿಂದೆ ಮೂಲಪಾಠದ ಕೋಶದಲ್ಲಿಯೇ ನಿರ್ಮಾಣಮಾಡಿ, ಅದನ್ನು ಶುಚಿಗೊಳಿಸದೆ ಬೇರೆಯ ಕೋಶದಲ್ಲಿ ಪ್ರಾರಂಭಿಸಿದರೆ, ಮೂಲಕೋಶದಲ್ಲಿ ಉಳಿದ ಹಳೆಯ ಕಡತವೊಂದು ಹೊಸ ನಿರ್ಮಾಣದೊಳಗೆ ನುಸುಳಬಹುದು. ಅದಕ್ಕಾಗಿ ಲಿನಕ್ಸ್ ಮೂಲಕೋಶ ಶುಚಿಯಾಗಿಲ್ಲವೆಂದು ಹೇಳಿ ಕೆಲಸವನ್ನೇ ನಿರಾಕರಿಸುತ್ತದೆ. ಬರ್ಕ್‌ಲಿಯ ಮೇಕ್ ಅಷ್ಟು ಕಟ್ಟುನಿಟ್ಟಲ್ಲ. ಮೀಸಲು ಕೋಶ ಕಾಣದಿದ್ದರೆ ಸದ್ದಿಲ್ಲದೆ ಮೂಲಕೋಶದಲ್ಲಿಯೇ ಕೆಲಸಮಾಡಿಬಿಡುತ್ತದೆ. ಯಾವ ಕೋಶದಲ್ಲಿ ಏನು ಬೀಳುತ್ತಿದೆ ಎಂಬುದನ್ನು ಮೊದಲ ಬಾರಿಗೆ ಕಣ್ಣಿಟ್ಟು ನೋಡಬೇಕು.

ಎರಡನೆಯದು ಸೂಕ್ಷ್ಮವಾದುದು. ಆಯ್ಕೆಗಳ ಕಡತವನ್ನು ಮೇಲೆ ಹೇಳಿದೆನಷ್ಟೆ. ಲಿನಕ್ಸಿನಲ್ಲಿ ಕೋಶಗಳನ್ನು ಬೇರೆಮಾಡಿದಾಗ ಅದು ನಿರ್ಮಾಣಕೋಶದಲ್ಲಿ ಇರುತ್ತದೆ. ಆದರೆ ಅದರೊಳಗಿನ ಆಯ್ಕೆಗಳು ಯಂತ್ರದವಲ್ಲ. ಮನುಷ್ಯ ಕುಳಿತು ಯೋಚಿಸಿ ಮಾಡಿದವು. ಎಂದರೆ, ಬೇಯಿಸಿದ ರಾಶಿಯಲ್ಲಿ ಒಂದು ಬಿತ್ತನೆಯ ಗೆಡ್ಡೆ ಸೇರಿಕೊಂಡಂತಾಯಿತು. ನಿರ್ಮಾಣಕೋಶವನ್ನು ನಿಶ್ಚಿಂತೆಯಿಂದ ಅಳಿಸಿದರೆ ಅದೂ ಹೋಗುತ್ತದೆ. ಇದಕ್ಕೆಂದೇ ನಮ್ಮ ಆಯ್ಕೆಗಳ ಸಾರವನ್ನು ಮಾತ್ರ ಸಣ್ಣ ಕಡತವಾಗಿ ಬರೆದುಕೊಡುವ ಆಜ್ಞೆಯುಂಟು. ಆ ಕಡತವನ್ನು ಮೂಲಪಾಠದ ಜೊತೆಯಲ್ಲಿಟ್ಟು ದಾಖಲಿಸಬೇಕು. ಒಂದು ಕಡತ ಯಾವ ಕೋಶದಲ್ಲಿದೆ ಎಂದು ಕೇಳುವುದಕ್ಕಿಂತ, ಅದನ್ನು ಯಂತ್ರ ಮತ್ತೆ ಮಾಡಬಲ್ಲುದೇ ಎಂದು ಕೇಳುವುದು ಮೇಲು.

ಮೂರನೆಯದು, ಬೇರೆಯಾಗಿಡುವುದು ಪ್ರತಿಯನ್ನು ಇಟ್ಟುಕೊಳ್ಳುವುದಕ್ಕೆ ಬದಲಲ್ಲ. ನಮ್ಮ ಹುಡುಗ ಪ್ರತಿದಿನ ಸಂಜೆ ತನ್ನ ಕಡತವನ್ನು ದಾಖಲೆಗೆ ಸೇರಿಸಿದ್ದರೆ ನಷ್ಟ ಒಂದು ದಿನಕ್ಕೆ ಮುಗಿಯುತ್ತಿದ್ದಿತು. ಆದರೂ ಕೋಶಗಳು ಬೇರೆಯಾಗಿದ್ದರೆ ಈ ಅಭ್ಯಾಸ ಸುಲಭವಾಗುತ್ತದೆ. ಮೂಲಕೋಶದಲ್ಲಿ ಕಸವಿಲ್ಲದಿರುವಾಗ, ದಾಖಲೆಯಾಗದ ಕಡತಗಳಾವುವೆಂದು ಗಿಟ್ಟನ್ನು ಕೇಳಿದರೆ ಅದು ತೋರಿಸುವುದೆಲ್ಲ ನಮ್ಮ ಹೊಸ ಬರೆವಣಿಗೆಯೇ; ಮರೆತುದು ತಾನಾಗಿ ಕಣ್ಣಿಗೆ ಬೀಳುತ್ತದೆ.

ಮತ್ತೆ ಮಾಡಬಲ್ಲೆವೆಂಬುದಕ್ಕೆ ಪ್ರಮಾಣವೇನು?

ನಿರ್ಮಿತಿಯನ್ನು ಮತ್ತೆ ಮಾಡಬಹುದು ಎಂಬ ಮಾತಿನ ಮೇಲೆ ಈ ಎಲ್ಲ ವಾದವೂ ನಿಂತಿದೆ. ವಿಜ್ಞಾನದ ವಿದ್ಯಾರ್ಥಿ ಇದನ್ನೂ ಪರೀಕ್ಷೆಗೆ ಒಡ್ಡಬೇಕು. ಅದೇ ಮೂಲಪಾಠ, ಅದೇ ಆಯ್ಕೆಗಳು, ಅದೇ ಕಂಪೈಲರ್ ಇದ್ದರೆ ಬರುವ ನಿರ್ಮಿತಿ ಅಕ್ಷರಶಃ ಒಂದೇ ಆಗಿರುತ್ತದೆಯೆ? ಹಾಗೆ ಆಗುವುದಿಲ್ಲವೆಂಬುದು ಆಶ್ಚರ್ಯದ ಸಂಗತಿ. ನಿರ್ಮಾಣ ನಡೆದ ದಿನ, ಗಳಿಗೆ, ನಿರ್ಮಾಣಕೋಶದ ವಿಳಾಸ ಮುಂತಾದ ವಿವರಗಳು ನಿರ್ಮಿತಿಯೊಳಗೆ ಸೇರಿಕೊಂಡುಬಿಡುತ್ತವೆ. ಬೇರೆ ಹೆಸರಿನ ಕೋಶದಲ್ಲಿ ಕಟ್ಟಿದ ಮಾತ್ರಕ್ಕೆ ಫಲ ಬದಲಾಗಬಹುದು.

ಇದರಿಂದ ಹಾನಿಯೇನು? ನಮಗೆ ದೊರೆತ ಕ್ರಮವಿಧಿ ನಿಜವಾಗಿಯೂ ಪ್ರಕಟವಾದ ಮೂಲಪಾಠದಿಂದಲೇ ಬಂದಿದೆಯೆ, ನಡುವೆ ಯಾರಾದರೂ ಕೈಯಾಡಿಸಿದ್ದಾರೆಯೆ ಎಂದು ತಿಳಿಯಬೇಕಾದರೆ, ನಾವೇ ಮತ್ತೆ ಕಟ್ಟಿ ಹೋಲಿಸಿ ನೋಡಬೇಕು. ನಿರಪಾಯವಾದ ವ್ಯತ್ಯಾಸಗಳು ತುಂಬಿದ್ದರೆ ಅಪಾಯದ ವ್ಯತ್ಯಾಸ ಅವುಗಳ ನಡುವೆ ಅಡಗಿಕೊಳ್ಳುತ್ತದೆ. ಡೆಬಿಯನ್ ಎಂಬ ಲಿನಕ್ಸ್ ಬಳಗದವರು ೨೦೧೩ರಿಂದ ಈ ವ್ಯತ್ಯಾಸಗಳನ್ನು ಒಂದೊಂದಾಗಿ ನಿವಾರಿಸುವ ಕಾರ್ಯದಲ್ಲಿ ತೊಡಗಿದ್ದಾರೆ. ೨೦೧೮ರಲ್ಲಿ ಬಂದ ಜಿಸಿಸಿ ಕಂಪೈಲರಿನ ೮ನೆಯ ಆವೃತ್ತಿಯಲ್ಲಿ ನಿರ್ಮಾಣಕೋಶದ ವಿಳಾಸವನ್ನು ಮರೆಸಿ ಸಾಮಾನ್ಯವಾದ ಹೆಸರನ್ನು ಹಾಕುವ ಸೂಚನೆಗೆ ಅವಕಾಶವಾಯಿತು. ನಮ್ಮ ಪ್ರಯೋಗಶಾಲೆಯ ನಿಯಮವೂ ಇದೇ ಅಲ್ಲವೆ? ಒಬ್ಬನು ಪಡೆದ ಫಲವನ್ನು ಇನ್ನೊಬ್ಬನು ಅದೇ ಸಾಮಗ್ರಿಯಿಂದ ಪಡೆಯುವವರೆಗೆ ಅದನ್ನು ಒಪ್ಪುವಂತಿಲ್ಲ. ಪ್ರಯೋಗದ ಪುಸ್ತಕದಲ್ಲಿ ಕೋಷ್ಟಕದ ಅಳತೆಗಳನ್ನು ಅಳಿಸಿ ತಿದ್ದಲು ನಾವು ಬಿಡುವುದಿಲ್ಲ. ಲೆಕ್ಕದ ಪುಟವನ್ನು ಹರಿದು ಮತ್ತೆ ಬರೆಯಲು ಬಿಡುತ್ತೇವೆ. ಅಳತೆಗಳಿದ್ದರೆ ಲೆಕ್ಕ ಮತ್ತೆ ಬರುತ್ತದೆ. ಲೆಕ್ಕದಿಂದ ಅಳತೆಗಳು ಬರುವುದಿಲ್ಲ. ಇದನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳುವವನು ಗಣಕದ ಮುಂದೆ ಕುಳಿತಾಗ ಮರೆತಿದ್ದೆ.

ಹುಡುಗ ಡ್ರೈವರನ್ನು ಮತ್ತೆ ಬರೆದ. ಈ ಸಲ ೬ ದಿನಗಳು ಸಾಕಾದವು. ಮೊದಲನೆಯದಕ್ಕಿಂತ ಚೆನ್ನಾಗಿದೆಯೆಂದು ಅವನೇ ಹೇಳಿದ. ನನ್ನ ತಪ್ಪಿಗೆ ಅದೇನೂ ಸಮಾಧಾನವಲ್ಲ. ಮೂಲಪಾಠಕ್ಕೆ ಒಂದು ಕೋಶ, ಮೇಜಿನ ಗಣಕದ ನಿರ್ಮಿತಿಗೆ ಒಂದು, ಫಲಕದ ನಿರ್ಮಿತಿಗೆ ಇನ್ನೊಂದು ಎಂದು ಅವನ ಜೊತೆಗಾತಿ ವ್ಯವಸ್ಥೆಮಾಡಿದಳು. ಮೂಲಪಾಠದ ಪ್ರತಿ ಪ್ರತಿದಿನ ಸಂಜೆ ಇನ್ನೊಂದು ಡಿಸ್ಕಿಗೂ ಹೋಗತೊಡಗಿತು. ನಿರ್ಮಿತಿಗೆ ಪ್ರತಿ ಬೇಕಿರಲಿಲ್ಲವಾದುದರಿಂದ ಡಿಸ್ಕಿನಲ್ಲಿ ಜಾಗವೂ ಉಳಿಯಿತು.

ಕೆಲಸ ಮುಗಿಯುವ ವಾರದಲ್ಲಿ ಒಂದು ಮಧ್ಯಾಹ್ನ ನಿರ್ಮಾಣದ ನಡುವೆ ವಿದ್ಯುತ್ತು ಹೋಯಿತು. ಮರಳಿ ಬಂದಾಗ ಅರ್ಧ ಬರೆದ ಕಡತಗಳ ಮೇಲೆ ನಂಬಿಕೆ ಸಾಲದೆ ಅವಳು ಫಲಕದ ಇಡೀ ನಿರ್ಮಾಣಕೋಶವನ್ನು ನನ್ನ ಕಣ್ಣೆದುರಿಗೇ ಅಳಿಸಿದಳು. ನನ್ನ ಕೈ ತಾನಾಗಿ ಮುಂದೆ ಹೋಯಿತು. “ಏನೂ ಆಗಲ್ಲ ಸಾರ್, ಎಲ್ಲಾ ಮತ್ತೆ ಬರುತ್ತೆ” ಎಂದು ಹೇಳಿ ದಾಖಲೆಯಿಂದ ಆಯ್ಕೆಗಳ ಕಡತವನ್ನು ತೆಗೆದುಕೊಟ್ಟು ಮೇಕ್ ಆಜ್ಞೆಯನ್ನು ಕೊಟ್ಟಳು. ಸಂಜೆಯ ಹೊತ್ತಿಗೆ ಕರ್ನಲ್ ಸಿದ್ಧವಾಯಿತು. ಮರುದಿನ ಲೋಲಕ ತೂಗಿತು, ಕಿರಣ ಕಡಿಯಿತು, ಫಲಕ ಕಾಲವನ್ನು ಬರೆದುಕೊಂಡಿತು. ಗುರುತ್ವದ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ೯.೭೮ ಮೀಟರಿನ ಸಮೀಪಕ್ಕೆ ಬಂದಿತು. ನಮ್ಮ ಅಕ್ಷಾಂಶಕ್ಕೂ ಎತ್ತರಕ್ಕೂ ಅದು ಇರಬೇಕಾದಷ್ಟೇ.